‘ದೇ’ ಅಂತ ಬರೆದೆ, ಅತಿಥಿಗಳು ಮಳೆಯಲ್ಲಿ ನಿಂತರು: ಇಂಗ್ಲಿಷ್ ಸರ್ವನಾಮ ಸರಿಯಾಗಿ ಬಳಸುವುದು ಹೇಗೆ?

ಹೋಂಸ್ಟೇ ಮಗಳು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಾ ಇದೆ. ಇಲ್ಲಿ ಇಂಗ್ಲಿಷ್ ಪಾಠ ಮಾಡುವವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎರಡು ಕೋಣೆಯ ಹೋಂಸ್ಟೇ ಇದೆ. ಬುಕಿಂಗ್, ಮೆಸೇಜ್ ಎಲ್ಲಾ ನಾನೇ ನೋಡಿಕೊಳ್ಳುವುದು. ಹೋದ ಜುಲೈಯಲ್ಲಿ ಕೋಲ್ಕತ್ತದ ಗಂಡ ಹೆಂಡತಿ ಬರುವವರಿದ್ದರು. ಇಬ್ಬರಿಗೂ ವಯಸ್ಸಾಗಿದೆ. ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತೇವೆ ಅಂದಿದ್ದರು. ನಾನು ಹೀಗೆ ಮೆಸೇಜ್ ಹಾಕಿದೆ: ‘ಮೈ ಫಾದರ್ ವಿಲ್ ಕಮ್ ಟು ದ ಬಸ್ ಸ್ಟ್ಯಾಂಡ್. ದೇ ವಿಲ್ ಸ್ಟ್ಯಾಂಡ್ ನಿಯರ್ ದ ಗೇಟ್. ದೇ ಆರ್ ವೇರಿಂಗ್ ಬ್ಲ್ಯಾಕ್ ರೇನ್‌ಕೋಟ್.’

ಅಪ್ಪ ಗೇಟಿನ ಹತ್ತಿರ ಒಬ್ಬರೇ ನಿಂತಿದ್ದರು. ಬಸ್ಸಿಳಿದವರು ಅಪ್ಪನನ್ನು ನೋಡಿದ್ದಾರೆ, ಆದರೆ ಹತ್ತಿರ ಹೋಗಿಲ್ಲ. ಅವರು ಹುಡುಕುತ್ತಿದ್ದದ್ದು ಕಪ್ಪು ರೇನ್‌ಕೋಟ್ ಹಾಕಿದ ಇಬ್ಬರನ್ನು. ಆ ಮಳೆಗೆ ಫೋನ್ ಕೂಡ ಸಿಗಲಿಲ್ಲ. ಅರ್ಧ ಗಂಟೆ ಅವರು ಒಂದು ಕಡೆ, ಅಪ್ಪ ಒಂದು ಕಡೆ. ಕೊನೆಗೆ ಅಪ್ಪನೇ ಅನುಮಾನ ಬಂದು ಹೋಗಿ ಮಾತಾಡಿಸಿದರು. ಮನೆಗೆ ಬಂದ ಮೇಲೆ ಆ ಅಮ್ಮ ಒದ್ದೆ ಸೆರಗು ಹಿಂಡುತ್ತಾ ನನ್ನನ್ನು ಮೆತ್ತಗೆ ಕೇಳಿದರು, ‘ಇನ್ನೊಬ್ಬರು ಎಲ್ಲಿ?’ ಅಂತ.

ಆಗ ಗೊತ್ತಾಯಿತು, ನಾನು ‘ಅವರು’ ಅನ್ನುವುದನ್ನು ಹಾಗೇ ‘ದೇ’ ಮಾಡಿದ್ದೆ. ತಪ್ಪು ಅಂತ ಈಗ ಗೊತ್ತು. ಆದರೆ ಅಪ್ಪನಿಗೆ ‘ಹಿ’ ಅಂತ ಬರೆಯಲು ಇವತ್ತಿಗೂ ಕೈ ತಡೆಯುತ್ತದೆ. ಅಪ್ಪನನ್ನು ‘ಅವನು’ ಅಂದ ಹಾಗೆ ಅನಿಸುತ್ತದೆ. ಈ ಸರ್ವನಾಮಗಳನ್ನು ಸರಿಯಾಗಿ ಕಲಿಯಬೇಕು. ಯಾರಾದರೂ ಬಿಡಿಸಿ ಹೇಳುತ್ತೀರಾ?

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಮಕ್ಕಳು ಇದೇ ತಪ್ಪು ಮಾಡುತ್ತಾರೆ. ನಾನು ಅದನ್ನು ದಡ್ಡತನ ಅಂತ ಯಾವತ್ತೂ ಅಂದುಕೊಂಡಿಲ್ಲ. ಒಳ್ಳೆಯ ಸಂಸ್ಕಾರದಿಂದ ಬರುವ ತಪ್ಪು ಅದು.

ನಮ್ಮ ‘ಅವರು’ ಎರಡು ಕೆಲಸ ಮಾಡುತ್ತದೆ. ಜಾಸ್ತಿ ಜನರಿದ್ದರೂ ಅವರು, ಒಬ್ಬರೇ ಹಿರಿಯರಿದ್ದರೂ ಅವರು. ಇಂಗ್ಲಿಷಿನ ‘ದೇ’ ಮೊದಲನೆಯ ಕೆಲಸ ಮಾತ್ರ ಮಾಡುತ್ತದೆ, ಗೌರವದ ಕೆಲಸ ಮಾಡುವುದಿಲ್ಲ. ಹಾಗಂತ ‘ಹಿ’ ಅಂದರೆ ‘ಅವನು’ ಅಂತಲೂ ಅಲ್ಲ. ‘ಹಿ’ ಒಳಗೆ ನಮ್ಮ ಅವನೂ ಇದ್ದಾನೆ, ನಮ್ಮ ಅವರೂ ಇದ್ದಾರೆ. ದೇಶದ ರಾಷ್ಟ್ರಪತಿ ಗಂಡಸಾದರೆ ಹಿ, ಹೆಂಗಸಾದರೆ ಶಿ. ಹಾಲು ಹಾಕುವ ಹುಡುಗನಿಗೂ ಅದೇ ಹಿ. ಗೌರವ ತೋರಿಸಬೇಕಾದರೆ ಇಂಗ್ಲಿಷಿನವರು ಸರ್ ಅನ್ನುತ್ತಾರೆ, ಹೆಸರಿನ ಮುಂದೆ ಮಿಸ್ಟರ್ ಸೇರಿಸುತ್ತಾರೆ, ಪ್ಲೀಸ್ ಅನ್ನುತ್ತಾರೆ, ದನಿ ತಗ್ಗಿಸುತ್ತಾರೆ. ಸರ್ವನಾಮದಲ್ಲಿ ಗೌರವ ಇಡುವುದಿಲ್ಲ, ಅಷ್ಟೇ. ನೀನು ಅಪ್ಪನಿಗೆ ‘ಹಿ’ ಅಂತ ಧೈರ್ಯವಾಗಿ ಬರಿ. ಅಪ್ಪನ ಗೌರವ ಒಂದು ಎಳೆಯೂ ಕಡಿಮೆ ಆಗುವುದಿಲ್ಲ.

ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ನೀನು-ನೀವು ಇತ್ತು ಗೊತ್ತಾ? ‘ದೌ’ ಅಂದರೆ ನೀನು, ‘ಯೂ’ ಅಂದರೆ ನೀವು. ದೊಡ್ಡವರಿಗೆ, ಗೊತ್ತಿಲ್ಲದವರಿಗೆ ಯೂ ಅನ್ನುತ್ತಿದ್ದರು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಎರಡೂ ಸಿಗುತ್ತವೆ. ಆಮೇಲೆ ಜನ ಎಲ್ಲರಿಗೂ ಯೂ ಅನ್ನುತ್ತಾ ಹೋದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ದೌ ದಿನದ ಮಾತಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಪ್ರಾರ್ಥನೆಯಲ್ಲಿ, ಕೆಲವು ಹಳ್ಳಿ ಕಡೆಯ ಮಾತಿನಲ್ಲಿ ಮಾತ್ರ ಉಳಿಯಿತು. ಒಬ್ಬನೇ ಹುಡುಗ ಎದುರಿಗಿದ್ದರೂ ‘ಯೂ ಆರ್’ ಅನ್ನುವುದು ಅದಕ್ಕೇ. ಅದು ನಮ್ಮ ‘ನೀವು ಇದ್ದೀರಿ’ ಇದ್ದ ಹಾಗೆ. ಅಂದರೆ ಇಂಗ್ಲಿಷ್ ಎಲ್ಲರಿಗೂ ನೀವು ಅನ್ನುವ ಭಾಷೆ. ಎದುರಿಗಿಲ್ಲದವರ ವಿಷಯದಲ್ಲಿ ಮಾತ್ರ ಆ ಬಹುವಚನದ ಗೌರವ ಬೆಳೆಯಲೇ ಇಲ್ಲ.

ಮಾಂದಲಪಟ್ಟಿ ಜೀಪ್

ಅಕ್ಕ, ನಾನು ಹತ್ತು ವರ್ಷದಿಂದ ಟೂರಿಸ್ಟ್‌ಗಳ ಹತ್ತಿರ ಮಾತಾಡುತ್ತಿದ್ದೇನೆ. ಹಿ, ಶಿ, ದೇ ಎಲ್ಲಾ ಕಲಸಿ ಹೇಳುತ್ತೇನೆ. ಯಾರಿಗೂ ಅರ್ಥ ಆಗದೆ ಉಳಿದಿಲ್ಲ. ವ್ಯಾಕರಣ ನೋಡಿಕೊಂಡು ಕೂತರೆ ನಮ್ಮ ಹುಡುಗರು ಬಾಯಿಯೇ ಬಿಡುವುದಿಲ್ಲ. ಮೊದಲು ಮಾತಾಡಲಿ.

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ನಿಮ್ಮ ಮಾತು ನಿಜ ಅಣ್ಣ. ಮಾತಾಡುವಾಗ ನೀವು ಎದುರಿಗೆ ಇರುತ್ತೀರಿ, ಕೈ ತೋರಿಸುತ್ತೀರಿ, ಮುಖ ನೋಡುತ್ತೀರಿ. ಹಿ ಬದಲು ಶಿ ಅಂದರೂ ಅವರಿಗೆ ತಿಳಿಯುತ್ತದೆ. ಮೆಸೇಜಿಗೆ ಕೈಯೂ ಇಲ್ಲ, ಮುಖವೂ ಇಲ್ಲ. ಬರೆದ ಮೇಲೆ ಆ ಒಂದು ಪದದ ಮೇಲೆಯೇ ಎಲ್ಲಾ ನಿಂತಿರುತ್ತದೆ. ಈ ಹುಡುಗಿಗೆ ಆದದ್ದು ಅದೇ ಅಲ್ವಾ? ಮಾತಾಡುವಾಗ ಹೆದರಬೇಡಿ, ಬರೆಯುವಾಗ ಒಂದು ಸಲ ನೋಡಿ. ನಾನು ಮಕ್ಕಳಿಗೂ ಇಷ್ಟೇ ಹೇಳುವುದು.

ಡಿಗ್ರಿ ಕೊನೇ ವರ್ಷ, ವಿರಾಜಪೇಟೆ

ಟೀಚರ್, ನನ್ನದು ಬೇರೆ ತೊಂದರೆ. ಇಂಟರ್‌ವ್ಯೂನಲ್ಲಿ ‘ಮೈಸೆಲ್ಫ್’ ಅಂತ ಶುರು ಮಾಡಿ ಹೆಸರು ಹೇಳಿದೆ. ಎದುರಿಗಿದ್ದವರು ‘ಐ ಆಮ್ ಅನ್ನಿ’ ಅಂತ ತಿದ್ದಿದರು. ಆಮೇಲೆ ಒಂದು ಮಾತೂ ಬಾಯಿಂದ ಸರಿಯಾಗಿ ಬರಲಿಲ್ಲ. ಆದರೆ ಇಲ್ಲಿ ಎಲ್ಲರೂ ಹಾಗೇ ಹೇಳುವುದಲ್ವಾ? ಮತ್ತೆ ಐ ಮತ್ತು ಮಿ ಕೂಡ ಗಲಿಬಿಲಿ ಆಗುತ್ತದೆ.

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ಎಲ್ಲರೂ ಹೇಳುತ್ತಾರೆ, ಹೌದು. ನಮ್ಮ ದೇಶದಲ್ಲಿ ತುಂಬಾ ರೂಢಿಯಾಗಿದೆ. ಆದರೆ ಹೊರಗಿನವರ ಕಿವಿಗೆ ಅದು ಅರ್ಧ ವಾಕ್ಯದ ಹಾಗೆ ಕೇಳಿಸುತ್ತದೆ.

ಮೈಸೆಲ್ಫ್, ಹಿಮ್‌ಸೆಲ್ಫ್, ಹರ್‌ಸೆಲ್ಫ್ ಇವೆಲ್ಲಾ ಎರಡು ಜಾಗದಲ್ಲಿ ಮಾತ್ರ ಸರಿ. ಒಂದು, ಮಾಡಿದವರಿಗೇ ಆ ಕೆಲಸ ತಿರುಗಿ ಬಂದಾಗ. ಕಳೆ ಕೊಯ್ಯುವಾಗ ಕತ್ತಿ ತನಗೇ ತಾಗಿತು ಅಂದುಕೋ. ‘ಶಿ ಕಟ್ ಹರ್‌ಸೆಲ್ಫ್.’ ಇಲ್ಲಿ ‘ಶಿ ಕಟ್ ಹರ್’ ಅಂದರೆ ಬೇರೆ ಯಾರಿಗೋ ತಾಗಿಸಿದಳು ಅಂತ ಆಗುತ್ತದೆ, ಪೊಲೀಸ್ ಕೇಸ್. ಎರಡು, ಒತ್ತಿ ಹೇಳುವಾಗ. ನಾವು ‘ಈ ವೈನ್ ನಾನೇ ಮಾಡಿದ್ದು’ ಅನ್ನುತ್ತೇವಲ್ಲ, ಆ ‘ಏ’ ಇದೆಯಲ್ಲ, ಅದೇ ಮೈಸೆಲ್ಫ್. ‘ಐ ಮೇಡ್ ದಿಸ್ ವೈನ್ ಮೈಸೆಲ್ಫ್.’ ನೋಡು, ಅಲ್ಲಿಯೂ ಮುಂದೆ ಒಂದು ‘ಐ’ ಇದೆ. ಐ ಇಲ್ಲದೆ ಮೈಸೆಲ್ಫ್ ಒಂಟಿಯಾಗಿ ಬರುವುದಿಲ್ಲ.

ಇನ್ನು ಐ, ಮಿ. ಇದು ನಮಗೆ ಕಷ್ಟವೇ ಆಗಬಾರದು. ನಾನು, ನನ್ನನ್ನು, ನನಗೆ ಅಂತ ದಿನವಿಡೀ ಸರಿಯಾಗಿ ಹೇಳುತ್ತೇವೆ. ‘ನಾನು’ ಬರುವ ಕಡೆ ಐ. ‘ನನ್ನನ್ನು, ನನಗೆ, ನನ್ನ ಜೊತೆ’ ಬರುವ ಕಡೆ ಮಿ. ಹಿ-ಹಿಮ್, ಶಿ-ಹರ್, ವಿ-ಅಸ್, ದೇ-ದೆಮ್ ಎಲ್ಲಾ ಇದೇ ದಾರಿ. ಇಬ್ಬರು ಸೇರಿದಾಗ ಮಾತ್ರ ತಪ್ಪುತ್ತೇವೆ. ‘ಅಣ್ಣ ಆಂಡ್ ಮಿ ವೆಂಟ್ ಟು ಕುಶಾಲನಗರ’ ಅಂತ ಬರೆದಿದ್ದೀಯ ಅಂದುಕೋ. ಅಣ್ಣನನ್ನು ತೆಗೆದು ಓದು. ‘ಮಿ ವೆಂಟ್’ ಅನ್ನುತ್ತೀಯಾ? ಇಲ್ಲ. ಹಾಗಾದರೆ ‘ಅಣ್ಣ ಆಂಡ್ ಐ’. ಇನ್ನು ಕೆಲವರು ಐ ಅಂದರೆ ಜಾಸ್ತಿ ಶುದ್ಧ ಅಂದುಕೊಂಡು ‘ಬಿಟ್ವೀನ್ ಯೂ ಆಂಡ್ ಐ’ ಅನ್ನುತ್ತಾರೆ. ಬಿಟ್ವೀನ್ ಆದ ಮೇಲೆ ಮಿ ಬರಬೇಕು. ಇಂಗ್ಲಿಷ್ ಮನೆಮಾತಿನವರೂ ಎಡವುವ ಜಾಗ ಅದು.

ಒಂದು ಸಣ್ಣ ವಿಷಯ. ನಾವು ‘ನಾನೂ ಅಣ್ಣನೂ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ತನ್ನನ್ನು ಕೊನೆಗೆ ಹೇಳಿಕೊಳ್ಳುವುದು ಮರ್ಯಾದೆ.

ಸೋಮವಾರಪೇಟೆ ಅಪ್ಪ

ನನ್ನ ಮಗ ಒಂಬತ್ತನೇ ಕ್ಲಾಸು. ಪ್ರೊನೌನ್‌ನಲ್ಲಿ ಎಷ್ಟು ಬಗೆ ಅಂತ ಬಾಯಿಪಾಠ ಮಾಡುತ್ತಿದ್ದಾನೆ. ಅದು ಬೇಕಾ?

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ಪರೀಕ್ಷೆಗೆ ಬೇಕು. ಸಾಮಾನ್ಯವಾಗಿ ಎಂಟು ಹೇಳುತ್ತಾರೆ: ಪರ್ಸನಲ್, ಪೊಸೆಸಿವ್, ರಿಫ್ಲೆಕ್ಸಿವ್, ಡೆಮಾನ್‌ಸ್ಟ್ರೇಟಿವ್, ಇಂಟರಾಗೇಟಿವ್, ರಿಲೇಟಿವ್, ಇನ್‌ಡೆಫಿನಿಟ್, ರೆಸಿಪ್ರೊಕಲ್. ಕೆಲವು ಪುಸ್ತಕದಲ್ಲಿ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ. ಹೆಸರು ಕಲಿಯಲಿ, ತೊಂದರೆಯಿಲ್ಲ. ಆದರೆ ಬಗೆ ಗೊತ್ತಿದ್ದೂ ಒಂದು ಪತ್ರ ಬರೆಯಲು ಬಾರದ ಮಕ್ಕಳನ್ನು ನೋಡಿ ನನಗೆ ಬೇಜಾರಾಗಿದೆ. ಮನೆಯಲ್ಲಿ ದಿನಾ ಐದು ವಾಕ್ಯ ಬರೆಸಿ. ತೋಟದಲ್ಲಿ ಏನಾಯಿತು, ಯಾರು ಬಂದರು, ಯಾರಿಗೆ ಏನು ಕೊಟ್ಟರು, ಇಷ್ಟೇ.

ಬರೆಸುವಾಗ ಎರಡು ತಪ್ಪಿನ ಮೇಲೆ ಕಣ್ಣಿಡಿ. ಒಂದು, ‘ಮೈ ಗ್ರ್ಯಾಂಡ್‌ಫಾದರ್ ಹಿ ಈಸ್ ಎ ಪ್ಲಾಂಟರ್’ ಅನ್ನುವುದು. ನಾವು ‘ನಮ್ಮಜ್ಜ ಇದಾರಲ್ಲ, ಅವರು’ ಅನ್ನುತ್ತೇವಲ್ಲ, ಆ ರಾಗ ಅದು. ಗ್ರ್ಯಾಂಡ್‌ಫಾದರ್ ಅಂದ ಮೇಲೆ ಹಿ ಬೇಡ. ಇನ್ನೊಂದು ಇದರ ತಿರುಗಾಮುರುಗಾ, ಬೇಕಾದ ಕಡೆ ಬಿಟ್ಟುಬಿಡುವುದು. ಕನ್ನಡದಲ್ಲಿ ‘ಕೊಟ್ಟೆ’ ಅಂದರೆ ಸಾಕು. ಯಾರು ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇದೆ. ಏನು, ಯಾರಿಗೆ ಅನ್ನುವುದು ಮಾತಿನ ಸಂದರ್ಭದಲ್ಲಿದೆ. ಇಂಗ್ಲಿಷಿನ ‘ಗೇವ್’ಗೆ ಆ ಬಾಲ ಇಲ್ಲ. ‘ಐ ಗೇವ್ ಇಟ್ ಟು ಹಿಮ್’ ಅಂತ ಮೂರು ಸರ್ವನಾಮ ಇಟ್ಟು ಹೇಳಬೇಕು. ಅಷ್ಟೇ ಯಾಕೆ, ನಮ್ಮ ಊರಿನ ಮಳೆಗೂ ಅವರಿಗೆ ಒಂದು ಸರ್ವನಾಮ ಬೇಕು. ‘ಮಳೆ ಬರ್ತಾ ಇದೆ’ ಅಂದರೆ ನಮಗೆ ಮಳೆಯೇ ಬರುವುದು. ಅವರಲ್ಲಿ ‘ಇಟ್ ಈಸ್ ರೇನಿಂಗ್’. ಈ ಇಟ್ ಯಾವುದು ಅಂತ ಕೇಳಿದರೆ ಯಾವುದೂ ಅಲ್ಲ. ಖಾಲಿ ಕುರ್ಚಿ ಬಿಡಬಾರದು ಅಂತ ಕೂರಿಸಿದ ಪದ.

ನಾಪೋಕ್ಲು

‘ವಿ’ ಬಗ್ಗೆ ನಾನೊಂದು ಹೇಳಲಾ? ನಾವು ಮನೆಯಲ್ಲಿ ಕೊಡವ ತಕ್ಕ್ ಮಾತಾಡುವವರು. ನಮ್ಮಲ್ಲಿ ‘ನಂಗ’ ಅಂದರೆ ಕೇಳುವವರೂ ಸೇರಿದ ನಾವು. ‘ಎಂಗ’ ಅಂದರೆ ಕೇಳುವವರನ್ನು ಬಿಟ್ಟು ನಾವು. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಇಂಗ್ಲಿಷಿನ ವಿ ಕೂಡ ಹಾಗೇ.

ಒಂದು ವರ್ಷ ತುಲಾ ಸಂಕ್ರಮಣದ ಸಮಯ. ನಮ್ಮ ಮನೆಯಲ್ಲಿ ಇಬ್ಬರು ಅತಿಥಿಗಳಿದ್ದರು. ರಾತ್ರಿ ಊಟಕ್ಕೆ ಕೂತಾಗ ‘ವಿ ಆರ್ ಗೋಯಿಂಗ್ ಟು ತಲಕಾವೇರಿ ಟುಮಾರೋ’ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಎಂಗ. ಬೆಳಿಗ್ಗೆ ನೋಡಿದರೆ ಅವರು ಸ್ನಾನ ಮಾಡಿ, ಬ್ಯಾಗ್ ಹಿಡಿದು ಜಗಲಿಯಲ್ಲಿ ಕೂತಿದ್ದಾರೆ. ಅವರು ಕೇಳಿಸಿಕೊಂಡದ್ದು ನಂಗ. ಬಾಡಿಗೆ ಕಾರಿನಲ್ಲಿ ಜಾಗ ಇರಲಿಲ್ಲ. ನಾನು ಮತ್ತು ತಮ್ಮ ಉಳಿದುಕೊಂಡು ಅವರನ್ನು ಕಳಿಸಿದೆವು. ತೀರ್ಥದ ದಿನ ಹೋಗಲಾಗಲಿಲ್ಲ ಅನ್ನುವ ಬೇಸರ ಇನ್ನೂ ಇದೆ.

ಸಂಪಾಜೆ ಕಡೆಯವನು

ನಮ್ಮ ತುಳುವಿನಲ್ಲೂ ಹೀಗೇ ಎರಡು ಇದೆ. ಕೇಳುವವರೂ ಸೇರಿದರೆ ‘ನಮ’, ಬಿಟ್ಟರೆ ‘ಎಂಕುಳು’. ವಿರಾಜಪೇಟೆಯಲ್ಲಿ ಮಲಯಾಳ ಮಾತಾಡುವ ಗೆಳೆಯರು ‘ನಮ್ಮಳ್’, ‘ಞಂಗಳ್’ ಅನ್ನುತ್ತಾರೆ, ಅದೂ ಇದೇ ಲೆಕ್ಕ. ಇಷ್ಟೆಲ್ಲಾ ಇರುವ ಜಿಲ್ಲೆಯಲ್ಲಿ ಕೂತು ಒಂದೇ ಒಂದು ವಿ ಇಟ್ಟುಕೊಂಡು ಹೇಗೆ ಸುಧಾರಿಸುವುದು ಟೀಚರ್?

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ನಾಪೋಕ್ಲುವಿನವರು ಹೇಳಿದ್ದು ಓದಿ ನನಗೂ ಬೇಸರವಾಯಿತು. ವಿ ಒಂದೇ ಇರುವುದರಿಂದ ಬಿಡಿಸಿ ಹೇಳಬೇಕು. ಎಂಗ ಆದರೆ ‘ಮೈ ಫ್ಯಾಮಿಲಿ ಆಂಡ್ ಐ’. ನಂಗ ಆದರೆ ‘ಆಲ್ ಆಫ್ ಅಸ್, ಯೂ ಟೂ’. ಎರಡು ಪದ ಜಾಸ್ತಿ ಆಗುತ್ತದೆ, ಆಗಲಿ.

ಕಾಫಿ ಗೋಡೌನ್, ಕುಶಾಲನಗರ

ನಾನು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿನಲ್ಲಿ ಮೇಲ್ ಬರೆಯುವವನು. ಎರಡು ಡೌಟು. ಇಟ್ಸ್ ಬರೆಯುವಾಗ ಮೇಲೆ ಆ ಕೊಂಬು, ಅದೇ ಅಪಾಸ್ಟ್ರಫಿ, ಹಾಕಬೇಕೋ ಬೇಡವೋ? ಎರಡನೆಯದು ಸ್ವಲ್ಪ ದೊಡ್ಡದು. ಹೋದ ತಿಂಗಳು ಒಂದು ಎಸ್ಟೇಟಿಗೆ ಮೇಲ್ ಬರೆದೆ: ‘ಡ್ರೈವರ್ ಟೋಲ್ಡ್ ದ ರೈಟರ್ ದಟ್ ಹಿ ಮಸ್ಟ್ ಸೈನ್ ದ ಗೇಟ್ ಪಾಸ್.’ ತೋಟದ ರೈಟರ್, ಅಂದರೆ ಅಲ್ಲಿ ಲೆಕ್ಕ ಬರೆಯುವವರು, ಸೈನ್ ಮಾಡಬೇಕು ಅಂತ ನನ್ನ ಅರ್ಥ. ಅವರು ಡ್ರೈವರ್ ಕೈಯಲ್ಲಿ ಸೈನ್ ಮಾಡಿಸಿ ಕಳಿಸಿದರು. ಲಾರಿ ಒಂದು ದಿನ ನಿಂತಿತು. ವ್ಯಾಕರಣದಲ್ಲಿ ತಪ್ಪೇನಿದೆ ಅಂತ ಇವತ್ತಿಗೂ ತಿಳಿದಿಲ್ಲ.

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ಮೊದಲನೆಯದು ಬೇಗ ಮುಗಿಸುತ್ತೇನೆ. ಕೊಂಬು ಇದ್ದರೆ ಅದು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’. ‘ಅದರ’ ಅನ್ನುವ ಅರ್ಥಕ್ಕೆ ಕೊಂಬು ಬೇಡ. ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್ ಯಾವುದಕ್ಕೂ ಕೊಂಬಿಲ್ಲ ಅಲ್ವಾ, ಇಟ್ಸ್ ಕೂಡ ಅದೇ ಮನೆಯದು.

ಎರಡನೆಯದು ನನಗೆ ತುಂಬಾ ಇಷ್ಟದ ವಿಷಯ. ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ‘ಹಿ’ ಯಾರನ್ನು ತೋರಿಸುತ್ತಿದೆ ಅಂತ ಗೊತ್ತಾಗುವುದಿಲ್ಲ. ಇಬ್ಬರು ಗಂಡಸರು, ಒಂದು ಹಿ. ಕನ್ನಡದಲ್ಲಿ ಇದು ನಮಗೆ ಬರುವುದೇ ಇಲ್ಲ. ಯಾಕೆ ಹೇಳಿ? ನಾವು ಆಡಿದ ಮಾತನ್ನು ಹಾಗೇ ಇಟ್ಟು ‘ಅಂತ’ ಸೇರಿಸುತ್ತೇವೆ. ‘ನೀವು ಸೈನ್ ಮಾಡಬೇಕು ಅಂತ ಡ್ರೈವರ್ ರೈಟರಿಗೆ ಹೇಳಿದ.’ ಆ ‘ನೀವು’ ಅಲ್ಲಿ ಇರುವುದರಿಂದ ಗೊಂದಲವೇ ಇಲ್ಲ. ಇಂಗ್ಲಿಷಿಗೆ ತಿರುಗಿಸುವಾಗ ನೀವು ಹೋಗಿ ಹಿ ಆಗುತ್ತದೆ, ಅಲ್ಲಿ ಗುರುತು ಅಳಿಸಿಹೋಗುತ್ತದೆ. ಇಂಥ ಕಡೆ ಸರ್ವನಾಮವನ್ನೇ ಬಿಡಿ, ನಾಮಪದವನ್ನೇ ಮತ್ತೊಮ್ಮೆ ಬರೆಯಿರಿ. ‘ದ ರೈಟರ್ ಮಸ್ಟ್ ಸೈನ್ ದ ಗೇಟ್ ಪಾಸ್.’ ಡ್ರೈವರ್ ಹೇಳಿದ್ದು ಯಾಕೆ ಬೇಕು?

ತೋಟದಮನೆ, ಸಿದ್ದಾಪುರ

ಆನೆಗೆ ಏನು ಬರೆಯಬೇಕು? ಇಟ್ ಅಂತ ಬರೆದರೆ ಇಂಗ್ಲಿಷ್ ಪೇಪರಿನವರು ಹಿ ಅಂತ ಹಾಕಿದ್ದರು.

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ಎರಡೂ ಸರಿ. ರಾತ್ರಿ ಬಂದು ಬಾಳೆ ತಿಂದುಹೋದ ಗುರುತಿಲ್ಲದ ಆನೆಗೆ ಇಟ್. ದುಬಾರೆ ಶಿಬಿರದ ಆನೆಯ ಹಾಗೆ ಹೆಸರಿದ್ದರೆ, ಗಂಡೋ ಹೆಣ್ಣೋ ಗೊತ್ತಿದ್ದರೆ ಹಿ ಅಥವಾ ಶಿ. ಮನೆ ನಾಯಿಗೂ ಹಾಗೇ.

ಇದರಲ್ಲಿ ಹೋಂಸ್ಟೇಯವರು ನೆನಪಿಡಬೇಕಾದ್ದು ಒಂದಿದೆ. ನಾವು ಮಗುವಿಗೆ ‘ಪಾಪ, ಅದಕ್ಕೆ ನಿದ್ದೆ ಬಂದಿದೆ’ ಅನ್ನುತ್ತೇವೆ. ಆ ‘ಅದು’ ಪ್ರೀತಿಯದು. ಅದನ್ನೇ ಇಂಗ್ಲಿಷ್ ಮಾಡಿ ಅತಿಥಿಯ ಮಗು ನೋಡಿ ‘ಈಸ್ ಇಟ್ ಸ್ಲೀಪಿಂಗ್?’ ಅಂದರೆ ತಾಯಿಗೆ ನೋವಾಗಬಹುದು. ಗಂಡೋ ಹೆಣ್ಣೋ ಗೊತ್ತಾಗದಿದ್ದರೆ ‘ಈಸ್ ದ ಬೇಬಿ ಸ್ಲೀಪಿಂಗ್?’ ಅಂತ ಕೇಳಿ.

ಡಿಗ್ರಿ ಕೊನೇ ವರ್ಷ, ವಿರಾಜಪೇಟೆ

ಟೀಚರ್, ಒಬ್ಬರಿಗೆ ದೇ ಬರುವುದಿಲ್ಲ ಅಂದಿರಿ. ಆದರೆ ನಾನು ಓದುವ ಇಂಗ್ಲಿಷ್ ಲೇಖನಗಳಲ್ಲಿ ಒಬ್ಬ ವ್ಯಕ್ತಿಗೂ ದೇ ಅಂತ ಇರುತ್ತದೆ. ಅದು ತಪ್ಪಾ?

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ತಪ್ಪಲ್ಲ. ಒಳ್ಳೆಯದಾಯಿತು ನೀನು ಕೇಳಿದ್ದು, ನಾನು ಮೇಲೆ ಹೇಳಿದ್ದು ಅರ್ಧ ಮಾತ್ರ.

ಮನೆಗೆ ಯಾರೋ ಬಂದು ಕೊಡೆ ಬಿಟ್ಟುಹೋಗಿದ್ದಾರೆ ಅಂದುಕೋ. ಗಂಡಸೋ ಹೆಂಗಸೋ ಗೊತ್ತಿಲ್ಲ. ನಾವೇನು ಹೇಳುತ್ತೇವೆ? ‘ಯಾರೋ ಕೊಡೆ ಬಿಟ್ಟುಹೋಗಿದ್ದಾರೆ, ಅವರು ಬಂದರೆ ಕೊಡು.’ ಇಂಗ್ಲಿಷಿನಲ್ಲೂ ಅದೇ: ‘ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲ್ಲಾ. ಇಫ್ ದೇ ಕಮ್, ಗಿವ್ ಇಟ್ ಟು ದೆಮ್.’ ಇದು ಹೊಸ ಫ್ಯಾಷನ್ ಅಲ್ಲ. 14ನೇ ಶತಮಾನದಿಂದಲೇ ಬರವಣಿಗೆಯಲ್ಲಿ ಸಿಗುತ್ತದೆ. ನಾನು ಓದುವಾಗ ಇಂಥ ಕಡೆ ‘ಹಿ’ ಬರೆಯಬೇಕು ಅಂತ ಕಲಿಸಿದ್ದರು, ಆಮೇಲೆ ‘ಹಿ ಆರ್ ಶಿ’ ಬಂತು.

ಇನ್ನೊಂದು ಬಳಕೆಯೂ ಇದೆ. ತಮ್ಮನ್ನು ಗಂಡು ಅಥವಾ ಹೆಣ್ಣು ಅಂತ ಗುರುತಿಸಿಕೊಳ್ಳದ ಕೆಲವರು ‘ನನಗೆ ದೇ ಅನ್ನಿ’ ಅಂತ ಕೇಳುತ್ತಾರೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2019ರ ವರ್ಷದ ಪದ ಅಂತ ಆರಿಸಿದ್ದು ಇದೇ ‘ದೇ’ಯನ್ನು. ಅತಿಥಿಯೊಬ್ಬರು ಹಾಗೆ ಕೇಳಿದರೆ ಹಾಗೇ ಅನ್ನಬೇಕು. ನಮಗೆ ಅದು ಕಷ್ಟವಾಗಬಾರದು. ಹೆಣ್ಣೋ ಗಂಡೋ ಅಂತ ಹೇಳದೆಯೇ ಒಬ್ಬರನ್ನು ಗೌರವದಿಂದ ‘ಅವರು’ ಅನ್ನುವುದು ನಮಗೆ ಹುಟ್ಟಿನಿಂದ ಬಂದ ರೂಢಿ. ಒಬ್ಬರೇ ಆದರೂ ದೇ ಜೊತೆ ‘ಆರ್’ ಬರುತ್ತದೆ, ಈಸ್ ಅಲ್ಲ.

ಹಾಗಾದರೆ ಅಪ್ಪನಿಗೆ ಯಾಕೆ ಬೇಡ? ಅಪ್ಪ ಯಾರು ಅಂತ ಎಲ್ಲರಿಗೂ ಗೊತ್ತು. ‘ಫಾದರ್’ ಅಂದ ಮೇಲೆ ಗಂಡಸು ಅಂತ ಹೇಳಿ ಆಯಿತು. ಅದಾದ ಮೇಲೂ ದೇ ಬಂದರೆ ಓದುವವರು ಇನ್ನೊಬ್ಬರನ್ನು ಹುಡುಕುತ್ತಾರೆ.

ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ‘ಎಲ್ಲರೂ ಬಂದಿದ್ದಾರೆ’ ನಮಗೆ ಬಹುವಚನ. ಇಂಗ್ಲಿಷಿನ ‘ಎವ್ರಿಒನ್’ಗೆ ಏಕವಚನದ ಕ್ರಿಯಾಪದ: ‘ಎವ್ರಿಒನ್ ಹ್ಯಾಸ್ ಕಮ್.’ ಹ್ಯಾವ್ ಅಲ್ಲ.

ಮಾಂದಲಪಟ್ಟಿ ಜೀಪ್

ಹೂ ಮತ್ತು ಹೂಮ್ ಕೂಡ ಹೇಳಿಬಿಡಿ ಟೀಚರ್. ಬೋರ್ಡ್ ಬರೆಸಬೇಕು.

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ಯಾರು ಅಂದರೆ ಹೂ. ಯಾರನ್ನು, ಯಾರಿಗೆ ಅಂದರೆ ಹೂಮ್. ಮಾತಿನಲ್ಲಿ ಈಗ ಎಲ್ಲಾ ಕಡೆ ಹೂ ನಡೆಯುತ್ತದೆ. ಬೋರ್ಡಿನಲ್ಲಿ ಏನು ಬರೆಸುತ್ತೀರಿ ಅಂತ ಮೊದಲು ಇಲ್ಲಿ ಹಾಕಿ ಅಣ್ಣ, ನೋಡಿ ಹೇಳುತ್ತೇನೆ.

ಹೋಂಸ್ಟೇ ಮಗಳು, ಮಡಿಕೇರಿ

ಎಲ್ಲಾ ಎರಡೆರಡು ಸಲ ಓದಿದೆ. ಶನಿವಾರ ಪುಣೆಯಿಂದ ಒಂದು ಕುಟುಂಬ ಬರುತ್ತಿದೆ. ಈ ಸಲದ ಮೆಸೇಜ್ ಹೀಗೆ ಬರೆದಿದ್ದೇನೆ, ಕಳಿಸುವ ಮೊದಲು ನೋಡಿ:

‘ಮೈ ಫಾದರ್ ವಿಲ್ ಮೀಟ್ ಯೂ ಅಟ್ ದ ಬಸ್ ಸ್ಟ್ಯಾಂಡ್. ಹಿ ವಿಲ್ ಬಿ ಅಲೋನ್, ನಿಯರ್ ದ ಗೇಟ್, ಇನ್ ಎ ಬ್ಲ್ಯಾಕ್ ರೇನ್‌ಕೋಟ್. ಇಟ್ ಈಸ್ ರೇನಿಂಗ್ ಹೆವಿಲಿ ಹಿಯರ್, ಸೋ ಪ್ಲೀಸ್ ಬ್ರಿಂಗ್ ಯುವರ್ ಅಂಬ್ರೆಲ್ಲಾಸ್. ಮೈ ಮದರ್ ಆಂಡ್ ಮೈಸೆಲ್ಫ್ ವಿಲ್ ಬಿ ವೇಟಿಂಗ್ ಅಟ್ ಹೋಮ್.’

ಇಂಗ್ಲಿಷ್ ಟೀಚರ್, ಗೋಣಿಕೊಪ್ಪ

ತುಂಬಾ ಚೆನ್ನಾಗಿದೆ. ಕೊನೆಯ ವಾಕ್ಯದಲ್ಲಿ ಅಮ್ಮನನ್ನು ತೆಗೆದು ಒಂದು ಸಲ ಓದು.

ಹೋಂಸ್ಟೇ ಮಗಳು, ಮಡಿಕೇರಿ

‘ಮೈ ಮದರ್ ಆಂಡ್ ಐ.’ ತಿದ್ದಿದೆ, ಕಳಿಸಿಯೂ ಆಯಿತು. ಅಪ್ಪ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಇಷ್ಟು ಹೊತ್ತು ಏನು ಬರೆದೆ ಅಂತ ಕೇಳಿದರು. ನೀವು ಒಬ್ಬರೇ ಬರುತ್ತೀರಿ ಅಂತ ಬರೆದೆ ಅಂದೆ.